ಒಂಬತ್ತು ಬಾರ್ ಒತ್ತಡ, ನಾನೂರು ವರ್ಷದ ನೀರು

ವಿಜಯಪುರ ಚಹಾದ ಊರು. ಬಸ್ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಸಾಕು, ಶುಂಠಿ ಜಜ್ಜಿ ಹಾಕಿದ ಚಹಾ ಕುದಿಯುವ ವಾಸನೆ. ಯಾರ ಮನೆಗೆ ಹೋದರೂ ಮೊದಲು ತಂಬಿಗೆ ತುಂಬ ನೀರು, ಅದರ ಹಿಂದೆಯೇ ಕಪ್ಪು-ಬಸಿಯಲ್ಲಿ ಚಹಾ. ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವೆ ಬೆಳೆದ ನಾನು ಮಾರ್ಚ್ ತಿಂಗಳ ಬಿಸಿಲಿನಲ್ಲಿ ಇಂಥ ಊರಿಗೆ ಹೊರಟದ್ದು ಒಂದು ಎಸ್ಪ್ರೆಸೊ ಮಶೀನು ಆರಿಸುವುದಕ್ಕೆ.

ಮಶೀನು ಬೇಕಾಗಿದ್ದು ನನ್ನ ಗೆಳೆಯನಿಗೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಜೊತೆಗೆ ಓದಿದವರು ನಾವು. ಅವನಿಗೆ ವಿಜಯಪುರದಲ್ಲಿ ಮನೆ, ತಿಕೋಟಾ ಹತ್ತಿರ ದ್ರಾಕ್ಷಿ ತೋಟ, ಬಬಲೇಶ್ವರದಲ್ಲಿ ಅಕ್ಕನ ಮನೆ. ಹಾಸ್ಟೆಲಿನಲ್ಲಿ ನಾನು ಊರಿಂದ ತರುತ್ತಿದ್ದ ಪುಡಿಯ ರುಚಿ ಹತ್ತಿಸಿಕೊಂಡವನು, ಕೊರೊನಾ ಕಾಲದಲ್ಲಿ ಒಂದು ಸಣ್ಣ ಎಸ್ಪ್ರೆಸೊ ಮಶೀನು ಕೊಂಡ. ಈಗ ಅದರಿಂದ ಮೇಲಿನದಕ್ಕೆ ಹೋಗಬೇಕು. "ದೋಸ್ತಾ, ಇದು ಫೋನ್ಯಾಗ ಬಗೀಹರಿಯೂದಲ್ಲ. ನೀನ ಬಾ. ಮಶೀನೂ ನೋಡೂಣು, ಊರೂ ನೋಡೂಣು" ಅಂದ. ನಾನು ಹೊರಟೇಬಿಟ್ಟೆ.

ಮನೆಗೆ ಮುಟ್ಟಿದ ಕೂಡಲೇ ಅಡುಗೆಮನೆಯ ಕಟ್ಟೆಯ ಮೇಲಿದ್ದ ಹಳೆಯ ಮಶೀನನ್ನು ನೋಡಿದೆ. ಮುಖದ ಮೇಲೆ '15 ಬಾರ್' ಎಂದು ದೊಡ್ಡದಾಗಿ ಬರೆದಿತ್ತು. ಶಾಟ್ ತೆಗೆದು ಕೊಟ್ಟ. ನೊರೆ ಬಂತು, ಆದರೆ ನಾಲಿಗೆಯ ಮೇಲೆ ಕಾಫಿಯ ಮೈ ಇರಲಿಲ್ಲ. ಇಂಥ ಮಶೀನುಗಳಲ್ಲಿ ಪುಡಿ ತುಂಬುವ ಬಾಸ್ಕೆಟ್ಟಿಗೆ ಎರಡು ತಳ ಇರುತ್ತವೆ. ಒಳಗಿನ ತಳದಲ್ಲಿ ನೂರಾರು ತೂತು, ಹೊರಗಿನದರಲ್ಲಿ ಸೂಜಿ ಮೊನೆಯಷ್ಟು ಒಂದೇ ತೂತು. ಪುಡಿ ಹೇಗೇ ಬೀಸಿರಲಿ, ಆ ಒಂದು ತೂತಿನಲ್ಲಿ ನುಗ್ಗಿ ಬರುವಾಗ ನೊರೆ ಏಳುತ್ತದೆ. ಒಳ್ಳೆಯ ಎಸ್ಪ್ರೆಸೊದಲ್ಲಿ ನೀರನ್ನು ತಡೆಯುವ ಕೆಲಸ ನುಣ್ಣಗೆ ಬೀಸಿ ಒತ್ತಿದ ಕಾಫಿಪುಡಿಯದೇ. 18 ಗ್ರಾಂ ಪುಡಿ, 93 ಡಿಗ್ರಿ ಆಸುಪಾಸಿನ ನೀರು, 9 ಬಾರ್ ಒತ್ತಡ, 25ರಿಂದ 30 ಸೆಕೆಂಡಿನಲ್ಲಿ ಸುಮಾರು 36 ಗ್ರಾಂ ಕಾಫಿ. ಮಶೀನಿನೊಳಗಿನ ಸಣ್ಣ ಪಂಪು 15 ಬಾರ್‌ವರೆಗೆ ತಳ್ಳಬಲ್ಲದು ಎನ್ನುವುದು ನಿಜ. ಆದರೆ ಕಾಫಿಗೆ ಬೇಕಾದದ್ದು ಒಂಬತ್ತೇ. ಅದಕ್ಕಿಂತ ಹೆಚ್ಚಾದರೆ ಪುಡಿಯ ಹಾಸು ಬಿಗಿದು ಎಲ್ಲೋ ಒಂದು ಕಡೆ ಸೀಳುತ್ತದೆ. ನೀರೆಲ್ಲ ಆ ಸಂದಿನಲ್ಲೇ ಹರಿದುಹೋಗಿ ಅಲ್ಲಿಯ ಪುಡಿಯ ಕಹಿಯನ್ನು ಎಳೆದುಕೊಳ್ಳುತ್ತದೆ, ಉಳಿದ ಪುಡಿ ಹುಳಿಯಾಗಿಯೇ ನಿಲ್ಲುತ್ತದೆ. ಹಾಗಾಗಿ ಒಳ್ಳೆಯ ಮಶೀನಿನಲ್ಲಿ ಹೆಚ್ಚಾದ ಒತ್ತಡವನ್ನು ಬಿಟ್ಟುಕೊಡುವ ಒಂದು ವಾಲ್ವ್ ಇರಲೇಬೇಕು.

ಒಂಬತ್ತು ಬಾರ್ ಅಂದರೆ ಎಷ್ಟು ಎಂಬುದು ನನಗೆ ಮೈಗೆ ತಾಗುವಂತೆ ಅರ್ಥವಾದದ್ದು ಮರುದಿನ ಬೆಳಗಿನ ಜಾವ, ಗೋಲಗುಮ್ಮಟದ ಮುಂದೆ ನಿಂತಾಗ. ಹತ್ತು ಮೀಟರ್ ಎತ್ತರದ ನೀರು ತನ್ನ ಬುಡದಲ್ಲಿ ಹಾಕುವ ಒತ್ತಡ ಹೆಚ್ಚುಕಡಿಮೆ ಒಂದು ಬಾರ್. ಅಂದರೆ ಒಂಬತ್ತು ಬಾರ್ ಬೇಕಾದರೆ 90 ಮೀಟರಿಗೂ ಮಿಕ್ಕಿದ ಎತ್ತರದಲ್ಲಿ ನೀರು ನಿಲ್ಲಿಸಬೇಕು. ಎದುರಿಗಿದ್ದ ಆ ಮಹಾ ಗುಮ್ಮಟದ ನೆತ್ತಿಯ ಮೇಲೆ ಇನ್ನೂ ಅರ್ಧಕ್ಕಿಂತ ಹೆಚ್ಚು ಗುಮ್ಮಟ ಇಟ್ಟು ಅದರ ತುದಿಯಿಂದ ನೀರಿನ ಕಂಬ ಇಳಿಸಿದರೆ ಆಗುವ ಒತ್ತಡ ಅದು! ಅದು ಬೀಳುವುದು 58 ಮಿಲಿಮೀಟರ್ ಅಗಲದ ಪುಡಿಯ ಬಿಲ್ಲೆಯ ಮೇಲೆ. ಲೆಕ್ಕ ಹಾಕಿದರೆ ಸುಮಾರು 240 ಕಿಲೋ. ಎರಡು ಕ್ವಿಂಟಲಿಗೂ ಮಿಕ್ಕಿದ ಜೋಳದ ಚೀಲಗಳನ್ನು ಸಣ್ಣ ಕಪ್ಪಿನ ಬಾಯಷ್ಟಗಲದ ಜಾಗದಲ್ಲಿ ಹೇರಿದಷ್ಟು ಭಾರ. ದಿನಾ ಬೆಳಿಗ್ಗೆ ಮನೆಮನೆಯ ಅಡುಗೆ ಕಟ್ಟೆಯ ಮೇಲೆ ಇದು ನಡೆಯುತ್ತದೆ ಎಂದುಕೊಂಡಾಗ ಮೈ ಜುಮ್ಮೆಂದಿತು.

ಮೂಲೆಯ ಏಳು ಅಂತಸ್ತಿನ ಬುರುಜಿನ ಮೆಟ್ಟಿಲು ಹತ್ತಿ ಒಳಗಿನ ಪಿಸುಗುಟ್ಟುವ ಗ್ಯಾಲರಿಗೆ ಹೋದೆವು. ಶಾಲಾ ಮಕ್ಕಳು ಬರುವ ಮುನ್ನ ಹೋದರೇ ಅಲ್ಲಿನ ಸೊಗಸು. ಗೆಳೆಯ ಆ ತುದಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ "ಕಾಫಿ ಆತೇನ್ರಿ?" ಎಂದ. ಸುಮಾರು 38 ಮೀಟರ್ ಆಚೆಗೆ, ನಡುವೆ ಒಂದೂ ಕಂಬವಿಲ್ಲದ ಆ ಬಯಲಿನ ಈಚೆ ಬದಿಯಲ್ಲಿ, ಅದು ನನ್ನ ಕಿವಿಯ ಪಕ್ಕದಲ್ಲೇ ನುಡಿದ ಹಾಗೆ ಕೇಳಿಸಿತು. 1656ರಲ್ಲಿ ತೀರಿಕೊಂಡ ಇಲ್ಲಿಯ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಗೋರಿ ಕೆಳಗೆ. ಇದನ್ನು ಕಟ್ಟಿದವರಿಗೆ ಭಾರ ಎಲ್ಲಿ ಹುಟ್ಟುತ್ತದೆ, ಅದನ್ನು ಹೇಗೆ ಹಂಚಿ ನೆಲಕ್ಕೆ ಇಳಿಸಬೇಕು ಎನ್ನುವುದು ಬೆರಳ ತುದಿಯಲ್ಲಿತ್ತು. ಕಲ್ಲಿನ ಭಾರವನ್ನಷ್ಟೇ ಅಲ್ಲ, ನೀರಿನ ಭಾರವನ್ನೂ ಅವರು ಬಲ್ಲವರಾಗಿದ್ದರು ಎಂಬುದು ಅಂದು ಮಧ್ಯಾಹ್ನ ಗೊತ್ತಾಯಿತು.

ವಿಜಯಪುರಕ್ಕೆ ಬರುವವರಲ್ಲಿ ಹೆಚ್ಚಿನವರು ನೋಡದೇ ಹೋಗುವ ಗೋಪುರಗಳಿವೆ. ಊರೊಳಗೆ, ಅಂಗಡಿ ಮನೆಗಳ ನಡುವೆ, ಅಲ್ಲಲ್ಲಿ ನಿಂತಿರುವ ಚೌಕಾಕಾರದ ಕಲ್ಲಿನ ಕಟ್ಟಡಗಳು. ಇವಕ್ಕೆ ಗಂಜ್ ಎನ್ನುತ್ತಾರೆ. ನೋಡಲು ಚೆಲುವೇನಿಲ್ಲ, ಗೋಲಗುಮ್ಮಟ, ಇಬ್ರಾಹಿಂ ರೋಜಾ ಕಂಡ ಕಣ್ಣಿಗೆ ಬರೀ ಮೊಂಡು ಗೋಡೆ. ಗೆಳೆಯ ಒಂದರ ಮುಂದೆ ಗಾಡಿ ನಿಲ್ಲಿಸಿ, "ಇದನ್ನ ನೋಡಾಕ ನಿನ್ನ ಕರಸೇನಿ" ಎಂದ.

ಆದಿಲ್ ಶಾಹಿಗಳ ಕಾಲದಲ್ಲಿ ನಗರಕ್ಕೆ ನೀರು ಪಶ್ಚಿಮದ ತೊರವಿಯಿಂದ ಬರುತ್ತಿತ್ತು. ನೆಲದಡಿ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಕಿಂಡಿ ಬಿಟ್ಟು ತಂದ ನೀರು. ಪಾರಸಿ ದೇಶದ ಕರೇಜ್ ಪದ್ಧತಿ ಅದು. ದಕ್ಷಿಣದಲ್ಲಿ 1651ರಲ್ಲಿ ಬೇಗಂ ತಾಲಾಬ್ ಕಟ್ಟಿಸಿದ ಮೇಲೆ ಅಲ್ಲಿಂದಲೂ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯಿತು. ಪಂಪು ಇಲ್ಲ, ಎಣ್ಣೆ ಇಲ್ಲ, ಕರೆಂಟು ಇಲ್ಲ. ನೆಲದ ಇಳಿಜಾರೇ ಎಲ್ಲ. ಆದರೆ ಇಳಿಜಾರು ಹೆಚ್ಚಿದಂತೆ ಕೊಳವೆಯೊಳಗೆ ಒತ್ತಡವೂ ಏರುತ್ತದೆ. ಸುಟ್ಟ ಮಣ್ಣಿನ ಕೊಳವೆ ಅದನ್ನು ಎಷ್ಟು ತಾನೇ ತಡೆದೀತು? ಜೋಡಣೆಯಲ್ಲೇ ಒಡೆಯಬೇಕು. ಅದಕ್ಕೆ ದಾರಿಯುದ್ದಕ್ಕೂ ಗಂಜ್ ಕಟ್ಟಿದರು. ಕೊಳವೆಯ ನೀರು ಗೋಪುರದೊಳಗೆ ಏರುತ್ತದೆ, ಮೇಲೆ ಗಾಳಿಗೆ ತೆರೆದುಕೊಂಡು ಒತ್ತಡ ಕಳೆದುಕೊಳ್ಳುತ್ತದೆ, ಹೊತ್ತುತಂದ ಕೆಸರು ಬುಡಕ್ಕೆ ಇಳಿಯುತ್ತದೆ, ತಿಳಿನೀರು ಮುಂದಿನ ಗಂಜ್ ಕಡೆಗೆ ಹೊರಡುತ್ತದೆ.

ನಾನು ಆ ಗೋಡೆಯನ್ನು ಮುಟ್ಟಿ ನಿಂತೆ. ಹಿಂದಿನ ರಾತ್ರಿ ಊಟದ ಹೊತ್ತಿನಲ್ಲಿ ನಾವಿಬ್ಬರೂ ಹೊಸ ಮಶೀನಿನಲ್ಲಿ ಒತ್ತಡ ಬಿಡುವ ವಾಲ್ವ್ ಬೇಕೇ ಬೇಕು, ನೀರು ಸೋಸುವ ವ್ಯವಸ್ಥೆ ಬೇಕೇ ಬೇಕು ಎಂದು ಮಾತಾಡಿದ್ದೆವು. ಅವೆರಡೂ ಇಲ್ಲಿ, ಒಂದೇ ಕಲ್ಲುಕಟ್ಟಡದಲ್ಲಿ, ಇಡೀ ನಗರದ ಬಾಯಾರಿಕೆಯ ಅಳತೆಗೆ ನಿಂತಿದ್ದವು. ಎಸ್ಪ್ರೆಸೊದ ಚರಿತ್ರೆಯನ್ನು ಟ್ಯೂರಿನ್‌ನ ಆಂಜೆಲೊ ಮೊರಿಯೊಂಡೊ 1884ರಲ್ಲಿ ಪಡೆದ ಪೇಟೆಂಟಿನಿಂದ, 1901ರ ಲುಯಿಜಿ ಬೆಜ್ಜೆರಾನಿಂದ ಶುರುಮಾಡುವುದು ವಾಡಿಕೆ. ಅವರು ಹಬೆಯ ಒತ್ತಡವನ್ನು ಬಟ್ಟಲಿಗೆ ಇಳಿಸಿದವರು, ದೊಡ್ಡವರೇ. ಆದರೆ ನೀರಿನ ಒತ್ತಡವನ್ನು ಬೇಕಾದಷ್ಟೇ ಇರಿಸಿಕೊಂಡು ಉಳಿದದ್ದನ್ನು ಬಿಟ್ಟುಕೊಡುವ ಆ ತಿಳಿವಳಿಕೆಯನ್ನು ಕಣ್ಣಾರೆ ನೋಡಬೇಕೆಂದರೆ ನಾನಂತೂ ಇನ್ನು ಮುಂದೆ ಎಲ್ಲರನ್ನೂ ವಿಜಯಪುರಕ್ಕೆ ಕಳಿಸುತ್ತೇನೆ. ದಖ್ಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳು 2020ರ ವರ್ಲ್ಡ್ ಮಾನ್ಯುಮೆಂಟ್ಸ್ ವಾಚ್ ಪಟ್ಟಿಗೆ ಸೇರಿದ್ದು ಸುಮ್ಮನೆ ಅಲ್ಲ.

ಅಲ್ಲಿಂದ ತಾಜ್ ಬಾವಡಿಗೆ ಹೋದೆವು. ಎರಡು ಅಷ್ಟಕೋನದ ಬುರುಜುಗಳ ನಡುವೆ ದೊಡ್ಡ ಕಮಾನು, ಅದರ ಕೆಳಗಿಂದ ಇಳಿದರೆ ಕೆರೆಯಷ್ಟು ಅಗಲದ ಬಾವಿ. 1620ರಲ್ಲಿ ಕಟ್ಟಿದ್ದು, ಎರಡನೇ ಇಬ್ರಾಹಿಂ ಆದಿಲ್ ಶಾಹನ ರಾಣಿ ತಾಜ್ ಸುಲ್ತಾನಳ ಹೆಸರು ಅದಕ್ಕೆ. ಅದೇ ಇಬ್ರಾಹಿಮನ ಆಸ್ಥಾನಕ್ಕೆ ಅಕ್ಬರನ ರಾಯಭಾರಿಯಾಗಿ ಬಂದಿದ್ದ ಅಸದ್ ಬೇಗ್ ಇಲ್ಲಿ ಮೊದಲ ಸಲ ತಂಬಾಕು ಕಂಡು, ಆಗ್ರಾಕ್ಕೆ ಒಯ್ದು ಬಾದಶಹನ ಮುಂದೆ ಇಟ್ಟ. ಹೊಸ ರುಚಿಯೊಂದು ಉತ್ತರಕ್ಕೆ ಹೋದದ್ದು ಈ ಊರಿನಿಂದ ಎಂದಾಗ, ಇಲ್ಲಿಯ ಅಡುಗೆಮನೆಯಲ್ಲಿ ಎಸ್ಪ್ರೆಸೊ ಕುಳಿತರೆ ಅಚ್ಚರಿಯೇನು ಎನಿಸಿತು.

ಸಂಜೆ ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಕುಳಿತು ಮಶೀನಿನ ಮಾತು ಶುರುವಾಯಿತು. ಗೆಳೆಯನ ಮನಸ್ಸು ಬಿದ್ದಿದ್ದು ಬಾಸ್ಕೆಟ್ ಸಿಕ್ಕಿಸುವ ಜಾಗದಲ್ಲಿ ಇ61 ಹೆಡ್ ಇರುವ ಇಟಲಿಯ ದೊಡ್ಡ ಮಶೀನಿನ ಮೇಲೆ. ಅದರ ಚೆಲುವು ನಾನೂ ಬಲ್ಲೆ. 1961ರಲ್ಲಿ ಫೇಮಾ ಕಂಪನಿಯ ಎರ್ನೆಸ್ಟೊ ವಾಲೆಂಟೆ ತಂದ ವಿನ್ಯಾಸ ಅದು. ಆ ವರ್ಷದ ಸೂರ್ಯಗ್ರಹಣದ ನೆನಪಿಗೆ ಆ ಹೆಸರು. ಅದಕ್ಕೂ ಮೊದಲು, 1940ರ ದಶಕದ ಕೊನೆಗೆ, ಮಿಲಾನಿನ ಅಕಿಲೆ ಗಾಜಿಯಾ ಸನ್ನೆಕೋಲು ಎಳೆದು ಸ್ಪ್ರಿಂಗಿನ ಬಲದಿಂದ ಒತ್ತಡ ಹುಟ್ಟಿಸಿದ್ದ. ಎಸ್ಪ್ರೆಸೊದ ಮೇಲಿನ ಹೊಂಬಣ್ಣದ ಕೆನೆ ಜನ ಕಂಡದ್ದು ಆಗಲೇ. ಇ61ರಲ್ಲಿ ತೋಳಿನ ಬಲದ ಬದಲು ಪಂಪು ಬಂತು. ಜೊತೆಗೆ ಸುಮಾರು ನಾಲ್ಕು ಕಿಲೋ ಹಿತ್ತಾಳೆಯ ಹೆಡ್ಡು. ಬಾಯ್ಲರಿನಿಂದ ಬಿಸಿನೀರು ತಾನಾಗಿ ಮೇಲೇರಿ, ಹೆಡ್ಡನ್ನು ಸುತ್ತಿ, ತಣಿದು, ತಾನಾಗಿ ಇಳಿಯುತ್ತದೆ. ಹೀಗೆ ಸುತ್ತುತ್ತಲೇ ಇದ್ದು ಲೋಹವನ್ನು ಒಂದೇ ಹದದ ಬಿಸಿಯಲ್ಲಿ ಇಟ್ಟಿರುತ್ತದೆ.

ಪಕ್ಕದಲ್ಲಿ ಮಲಗಿದ್ದ ತೋಪು ಸುಮಾರು 55 ಟನ್ನಿನದು, 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು. ಬಾಯಿ ತೆರೆದ ಸಿಂಹ, ಅದರ ಹಲ್ಲುಗಳ ನಡುವೆ ಆನೆ. ಬಿಸಿಲಿಗೆ ಇಡೀ ಬುರುಜಿನ ಕಲ್ಲು ಕಾದಿತ್ತು. ತೋಪಿನ ಮೈ ಮಾತ್ರ ಮುಟ್ಟಿದರೆ ತಂಪಾಗಿದೆ ಅನ್ನಿಸಿತು. ದಪ್ಪ ಲೋಹ ಬೇಗ ಕಾಯುವುದಿಲ್ಲ, ಕಾದರೆ ಬೇಗ ಆರುವುದಿಲ್ಲ. ಇ61ರ ಬಲವೂ ಇದೇ, ತೊಡಕೂ ಇದೇ. ಅದು ಸರಿಯಾಗಿ ಕಾಯಲು ಅರ್ಧ ತಾಸು ಬೇಕು. "ನೀ ಮುಂಜಾನೆ ಐದಕ್ಕ ತೋಟಕ್ಕ ಹೋಗಾಂವ. ನಾಕೂವರಿಗೆ ಎದ್ದು ಮಶೀನ ಹಚ್ಚತೀಯೇನ?" ಎಂದು ಅವನದೇ ಮಾತಿನಲ್ಲಿ ಕೇಳಿದೆ. ಅವನು ಉತ್ತರ ಕೊಡಲಿಲ್ಲ, ತೋಪನ್ನು ನೋಡುತ್ತ ಕುಳಿತ.

ಆದರೆ ವಿಜಯಪುರದಲ್ಲಿ ಮಶೀನಿನ ಹಣೆಬರಹ ಬರೆಯುವುದು ನೀರು. ಇದನ್ನು ನನಗೆ ಕಲಿಸಿದವರು ಗೆಳೆಯನ ತಾಯಿ. ರಾತ್ರಿ ಅಡುಗೆಮನೆಯಲ್ಲಿ ಎರಡು ಬೇರೆ ಬೇರೆ ಕೊಡ ಇದ್ದುದನ್ನು ಕಂಡು ಕೇಳಿದೆ. "ಇದು ನಳದ ನೀರು, ಅದು ಬೋರಿಂದು. ಬೋರಿನ ನೀರಿಗೆ ಬ್ಯಾಳಿ ಕುದಿಯಂಗಿಲ್ಲ ತಮ್ಮಾ. ಎಷ್ಟ ಶೀಟಿ ಹೊಡಸಿದ್ರೂ ಬಿರಸನ ಇರ್ತಾವ" ಎಂದರು. ಎಂಥ ಪರೀಕ್ಷೆ! ನೀರಿನ ಸುಣ್ಣದ ಅಂಶ ಬೇಳೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ನನ್ನು ಹಿಡಿದು ಗಟ್ಟಿ ಮಾಡುತ್ತದೆ, ಬೇಳೆ ಮೆತ್ತಗಾಗುವುದಿಲ್ಲ. ಜಿಲ್ಲೆಯ ಹೆಚ್ಚಿನ ಭಾಗ ಕೂತಿರುವುದು ಕಪ್ಪುಕಲ್ಲಿನ ಮೇಲೆ, ಎರೆಮಣ್ಣಿನ ಮೇಲೆ. ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ನಲ್ಲಿಯಲ್ಲಿ ಕೊಲ್ಹಾರದಿಂದ ಕೃಷ್ಣೆಯ ನೀರು ಬರುತ್ತದೆ, ಅದು ಎಷ್ಟೋ ಮೇಲು. ಆದರೆ ನಲ್ಲಿ ಬಾರದ ದಿನ ತೊಟ್ಟಿಯಲ್ಲಿ ಎರಡೂ ಬೆರೆಯುತ್ತವೆ.

ಮರುದಿನ ಬೆಳಿಗ್ಗೆ ಗೆಳೆಯ ಹಳೆಯ ಗೀಜರಿನ ಕಾಯಿಲ್ ತಂದು ತೋರಿಸಿದ. ಬೆರಳಿನ ದಪ್ಪದ ಕಾಯಿಲಿನ ಮೇಲೆ ಅಷ್ಟೇ ದಪ್ಪ ಬಿಳಿ ಹರಳು. ಉಗುರಿನಿಂದ ಕೆರೆದರೆ ಪದರ ಪದರವಾಗಿ ಏಳುತ್ತಿತ್ತು, ಒಳಪದರ ಹಳದಿ, ಹೊರಪದರ ಸುಣ್ಣದ ಬಿಳಿ. ಗೀಜರಿನಲ್ಲಿ ಇಷ್ಟಾದರೆ ಎಸ್ಪ್ರೆಸೊ ಮಶೀನಿನ ಕೂದಲೆಳೆ ಅಗಲದ ದಾರಿಗಳ ಗತಿ ಏನು? ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರೇ ಇಲ್ಲವೆಂದಾಗ 600ರವರೆಗೂ ಒಪ್ಪಬಹುದು. ಮನುಷ್ಯನಿಗೆ ಅದು ಸರಿ, ಬಾಯ್ಲರಿಗೆ ಅಲ್ಲ. ಸ್ಪೆಶಾಲ್ಟಿ ಕಾಫಿ ಅಸೋಸಿಯೇಶನ್ ಕಾಫಿಗೆ ಹೇಳುವ ನೀರಿನಲ್ಲಿ ಕರಗಿದ ಲವಣವೆಲ್ಲ ಸೇರಿ ಲೀಟರಿಗೆ 150 ಮಿಲಿಗ್ರಾಂ ಆಸುಪಾಸು. ಕರಗಿದ ಲವಣ ಅಳೆಯುವ, ಗೆಳೆಯನ ಜೇಬಿನ ಟಿಡಿಎಸ್ ಮೀಟರು ಬೋರಿನ ನೀರಿಗೆ ನಾಲ್ಕಂಕಿ ತೋರಿಸಿತು.

"ಆರ್.ಓ. ನೀರು ಹಾಕಿದ್ರಾತು" ಎಂದ ಅವನು. ಹಾಗೂ ಅಲ್ಲ. ಆರ್.ಓ. ನೀರು ತೀರಾ ಬರಿದು. ಅದರಲ್ಲಿ ಕಾಫಿ ಹುಳಿ ಏರಿ ಸಪ್ಪೆಯಾಗುತ್ತದೆ, ಅಂಥ ನೀರು ಲೋಹವನ್ನೂ ನಿಧಾನವಾಗಿ ತಿನ್ನುತ್ತದೆ. ಹಬೆಗೆ ಬೇರೆ ಬಾಯ್ಲರ್ ಇರುವ ದೊಡ್ಡ ಮಶೀನುಗಳಲ್ಲಿ ನೀರಿನ ಮಟ್ಟ ನೋಡುವ ಲೋಹದ ಕಡ್ಡಿ ಇರುತ್ತದೆ. ನೀರಿನಲ್ಲಿ ಲವಣ ಇಲ್ಲದಿದ್ದರೆ ಆ ಕಡ್ಡಿಗೆ ನೀರು ಇದೆ ಎಂದೇ ತಿಳಿಯುವುದಿಲ್ಲ. ಇದಕ್ಕೊಂದು ಸರಳ ಪರಿಹಾರವಿದೆ, ಅದನ್ನು ನಾನು ಹೇಳುವ ಮೊದಲೇ ನಾವು ತಿಕೋಟಾ ದಾರಿ ಹಿಡಿದಿದ್ದೆವು.

ತೊರವಿ ದಾಟಿದೆವು. ನರಸಿಂಹನ ಗುಡಿಯ ಊರು. ತೊರವೆ ರಾಮಾಯಣ ಬರೆದ ಕುಮಾರ ವಾಲ್ಮೀಕಿಯ ಊರೂ ಹೌದು. ಅದರಾಚೆ ಬಯಲು ಶುರುವಾಗುತ್ತದೆ, ಆ ಬಯಲಿನಲ್ಲಿ ದ್ರಾಕ್ಷಿ. ಕಲ್ಲು ಕಂಬ, ತಂತಿಯ ಚಪ್ಪರ, ಹನಿ ನೀರಾವರಿಯ ಕಪ್ಪು ಪೈಪು, ನಡುನಡುವೆ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ಮಳೆ ನೆಚ್ಚಿಕೊಂಡ ನಾಡಿನಲ್ಲಿ ಇಷ್ಟೊಂದು ಹಸಿರು ಕಂಡು ಮಲೆನಾಡಿನವನಾದ ನಾನು ಸುಮ್ಮನೆ ನೋಡುತ್ತ ಉಳಿದೆ. ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಬಿಜ್ಜರಗಿಯೂ ಇದೇ ತಾಲ್ಲೂಕಿನದು ಎಂದು ಗೆಳೆಯ ಕೈಮುಗಿದು ಹೇಳಿದ.

ತೋಟದಲ್ಲಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಕಾಲ. ಉದ್ದನೆಯ ಶೆಡ್ಡು, ತಗಡಿನ ಚಾವಣಿ, ಸುತ್ತ ನೆರಳು ಬಲೆ, ಒಳಗೆ ಅಟ್ಟದ ಮೇಲೆ ಅಟ್ಟದಂತೆ ನೈಲಾನ್ ಬಲೆಯ ಹಾಸುಗಳು. ಹೆಣ್ಣಾಳುಗಳು ಗೊಂಚಲು ತುಂಬಿದ ಬುಟ್ಟಿಯನ್ನು ಒಂದು ಡ್ರಮ್ಮಿನೊಳಗೆ ಮುಳುಗಿಸಿ, ಎರಡು ಮೂರು ನಿಮಿಷ ಬಿಟ್ಟು, ಎತ್ತಿ, ಹನಿ ಬಸಿದು, ಬಲೆಯ ಮೇಲೆ ಹರಡುತ್ತಿದ್ದರು. ಆ ಡ್ರಮ್ಮಿನಲ್ಲಿ ಏನಿದೆ ಎಂದು ಕೇಳಿದೆ. ಗೆಳೆಯ ಪಾಠ ಒಪ್ಪಿಸಿದಂತೆ ಹೇಳಿದ: ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಎಥೈಲ್ ಓಲಿಯೇಟ್, ಅಂದರೆ ಡಿಪ್ಪಿಂಗ್ ಆಯಿಲ್. ಹಣ್ಣಿನ ಮೈಮೇಲಿನ ಮೇಣದ ಪೊರೆ ಸಡಿಲಾಗಿ ನೀರು ಬೇಗ ಆರುತ್ತದೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಮಣೂಕ.

ನಾನು ನಿಂತಲ್ಲೇ ನಿಂತೆ. ಕಾಫಿಯ ನೀರಿಗೆ ನಾನು ಹೇಳಬೇಕೆಂದಿದ್ದ ಪರಿಹಾರ ಪೊಟ್ಯಾಸಿಯಂ ಬೈಕಾರ್ಬೊನೇಟ್. ಈ ಡ್ರಮ್ಮಿನ ಪುಡಿಯ ಒಡಹುಟ್ಟು. ಆರ್.ಓ. ನೀರಿನ ಒಂದು ಲೀಟರಿಗೆ ಅದರ 0.1 ಗ್ರಾಂ ಸಾಕು. ಹುಳಿಗೆ ಕಡಿವಾಣ ಬೀಳುತ್ತದೆ, ಲೋಹಕ್ಕೆ ರಕ್ಷಣೆ ಸಿಗುತ್ತದೆ, ಸುಣ್ಣ ಇಲ್ಲವಾದ್ದರಿಂದ ಹರಳು ಕಟ್ಟುವುದೇ ಇಲ್ಲ. ಅಷ್ಟು ಸಣ್ಣ ತೂಕ ಮನೆಯ ತಕ್ಕಡಿಗೆ ಸಿಗದು. ಅದಕ್ಕೆ 10 ಗ್ರಾಂ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟು, ಅದರಿಂದ ಲೀಟರಿಗೆ 10 ಮಿಲಿಲೀಟರಿನಂತೆ ಬೆರೆಸಿದರಾಯಿತು. ಒಂದು ಮಾತು ಒತ್ತಿ ಹೇಳುತ್ತೇನೆ: ಶೆಡ್ಡಿನ ಪುಡಿ ಬೇರೆ, ಇದು ಬೇರೆ. ಕಾಫಿಗೆ ಆಹಾರ ದರ್ಜೆಯ ಬೈಕಾರ್ಬೊನೇಟನ್ನೇ ಕೊಳ್ಳಬೇಕು.

ಇನ್ನೊಂದು ಸೋಜಿಗವೂ ಆ ಶೆಡ್ಡಿನಲ್ಲೇ ಕಾದಿತ್ತು. ವಾರ ಕಳೆದ ಹಣ್ಣುಗಳಿದ್ದ ಹಾಸಿನ ಕೆಳಗೆ ತಲೆ ಒಡ್ಡಿದೆ. ಆ ವಾಸನೆ ನಮ್ಮ ಮನೆಯ ಅಂಗಳದ್ದು! ನಮ್ಮಲ್ಲಿ ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸುವಾಗ, ಐದಾರನೆಯ ದಿನ, ಇದೇ ಜೇನಿನಂಥ, ಒಂದಿಷ್ಟು ಹುಳಿ ಹತ್ತಿದ ವಾಸನೆ ಏಳುತ್ತದೆ. ಈಗ ಒಳ್ಳೆಯ ತೋಟಗಳಲ್ಲಿ ಆ ಹಣ್ಣನ್ನು ನೆಲಕ್ಕೆ ಹರಡದೆ ಇಂಥದೇ ಎತ್ತರದ ಬಲೆಯ ಹಾಸಿನ ಮೇಲೆ, ದಿನಕ್ಕೆ ಹಲವು ಸಲ ಕೈಯಾಡಿಸಿ ಒಣಗಿಸುತ್ತಾರೆ. ಹಾಗೆ ಒಣಗಿಸಿದ ಕಾಫಿಯ ಎಸ್ಪ್ರೆಸೊದಲ್ಲಿ ಒಣದ್ರಾಕ್ಷಿಯ ರುಚಿ ಸಿಗುತ್ತದೆ ಎಂದು ರುಚಿ ನೋಡುವವರು ಬರೆಯುತ್ತಾರೆ. ಊರಿಂದ ತಂದಿದ್ದ ಅಂಥದೇ ಬೀಜವನ್ನು ತೋಟದ ಮನೆಯಲ್ಲಿ ಕೈಗ್ರೈಂಡರಿನಲ್ಲಿ ಬೀಸಿ, ಬಿಸಿನೀರಿನಲ್ಲಿ ಇಳಿಸಿ, ಶೆಡ್ಡಿನಲ್ಲಿದ್ದವರಿಗೆಲ್ಲ ಕೊಟ್ಟೆವು. ಹಿರಿಯ ಹೆಣ್ಣುಮಗಳೊಬ್ಬಳು ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ, "ಇದರಾಗ ಮಣೂಕ ಹಾಕೀರೇನ್ರಿ ಯಪ್ಪಾ?" ಎಂದಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ.

ತೋಟದ ಮನೆಯ ಗೋಡೆಯ ಮೇಲೆ ವೋಲ್ಟೇಜ್ ಮುಳ್ಳು 200ರ ಹತ್ತಿರ ಆಡುತ್ತಿತ್ತು. 230 ವೋಲ್ಟಿಗೆ 1,450 ವ್ಯಾಟ್ ಕೊಡುವ ಹೀಟರು 200ಕ್ಕೆ ಇಳಿದರೆ ಕೊಡುವುದು 1,100 ವ್ಯಾಟಿನಷ್ಟೇ. ವೋಲ್ಟೇಜು ಒಂದು ಪಾಲು ಇಳಿದರೆ ಬಿಸಿ ಎರಡು ಪಾಲು ಇಳಿದಂತೆ. ಅಮೆರಿಕದಲ್ಲಿರುವ ತಂಗಿಯ ಕೈಲಿ ತರಿಸುತ್ತೇನೆ ಎಂಬ ಅವನ ಆಸೆಯನ್ನೂ ಅಲ್ಲೇ ಬಿಡಿಸಿದೆ. ಅಲ್ಲಿಯ ಮಶೀನು 120 ವೋಲ್ಟಿನದು, ಇಲ್ಲಿ ಹಚ್ಚಿದರೆ ಸುಟ್ಟೇ ಹೋಗುತ್ತದೆ. ಮನೆಯಲ್ಲಾದರೂ 16 ಆಂಪಿಯರಿನ ಸಾಕೆಟ್ಟು ಬೇಕು.

ಬಬಲೇಶ್ವರಕ್ಕೆ ಹೋಗುವಾಗ ಮಮದಾಪುರದ ಕೆರೆಗೆ ಸುತ್ತು ಹಾಕಿದೆವು. ಇದೂ ಮುಹಮ್ಮದ್ ಆದಿಲ್ ಶಾಹನ ಕಾಲದ್ದು. ಕಲ್ಲು ಕಟ್ಟಿದ ಏರಿಯ ಮೇಲೆ ನಿಂತರೆ ಆ ದಂಡೆ ಮಸುಕಾಗಿ ಕಾಣುವಷ್ಟು ನೀರು. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರನ್ನು ಮೇಲೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸುತ್ತಿದ್ದಾರೆ. ಗೋಲಗುಮ್ಮಟ ಕಟ್ಟಿಸಿದವನೇ ಬೇಗಂ ತಾಲಾಬನ್ನೂ ಈ ಕೆರೆಯನ್ನೂ ಕಟ್ಟಿಸಿದ ಎನ್ನುವುದನ್ನು ನಮ್ಮ ಶಾಲೆಯ ಪುಸ್ತಕಗಳು ಇನ್ನಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

ಬಬಲೇಶ್ವರದಲ್ಲಿ ಅಕ್ಕನ ಮನೆಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಡಿಗೆ ಮೊಸರು. ಊಟವಾದ ಮೇಲೆ ಎಮ್ಮೆಯ ಹಾಲು ಕಾಯಿಸಿ ಕೊಟ್ಟರು. ಆ ಹಾಲಿಗೆ ಕಾಫಿ ಬೆರೆಸಿ ಕುಡಿದು ನೋಡಬೇಕು. ಸಕ್ಕರೆ ಬೇಡವೆನಿಸುವ ಸಿಹಿ, ತುಟಿಗೆ ಹತ್ತುವ ದಪ್ಪ. ಹಬೆಯಿಂದ ನೊರೆ ಎಬ್ಬಿಸುವಾಗ 60 ಡಿಗ್ರಿ ದಾಟಲು ಬಿಡದಿದ್ದರೆ ಅದರ ರುಚಿ ಇನ್ನೂ ಚೆನ್ನ.

ವಾಪಸು ಬರುವಾಗ ಸಾರವಾಡದ ಹತ್ತಿರ ಡೋಣಿ ಹೊಳೆ ಸಿಕ್ಕಿತು. ಬೇಸಗೆಯ ಸಣ್ಣ ಹರಿವು, ದಡದ ಕಪ್ಪು ಮಣ್ಣಿನ ಮೇಲೆ ಬಿಳಿಯ ಪೊರೆ. ಬೆರಳಿಗೆ ಅದನ್ನು ಹತ್ತಿಸಿ ನಾಲಿಗೆಗೆ ಇಟ್ಟೆ. ಉಪ್ಪು! ಇದೇ ಹೊಳೆಯ ದಂಡೆಯ ಎರೆಯಲ್ಲಿ ನಾಡಿಗೇ ಹೆಸರಾದ ಜೋಳ ಬೆಳೆಯುತ್ತದೆ, ಇದರ ನೀರು ಮಾತ್ರ ಕುಡಿಯಲು ಬಾರದು. ಈ ಸವಳಿನಲ್ಲಿರುವ ಕ್ಲೋರೈಡು ಸ್ಟೀಲ್ ಬಾಯ್ಲರಿಗೆ ದೊಡ್ಡ ಶತ್ರು. ಸುಣ್ಣವನ್ನಾದರೂ ನಿಂಬೆಹುಳಿ ಉಪ್ಪಿನಿಂದ ತೊಳೆಯಬಹುದು. ಕ್ಲೋರೈಡು ಸ್ಟೀಲಿನಲ್ಲಿ ಕೊರೆದ ಸೂಜಿರಂಧ್ರವನ್ನು ಮುಚ್ಚಲು ಬಾರದು. ಕುಡಿಯುವ ನೀರಿನಲ್ಲಿ ಲೀಟರಿಗೆ 250 ಮಿಲಿಗ್ರಾಂವರೆಗೆ ಕ್ಲೋರೈಡ್ ಇರಬಹುದು ಎನ್ನುತ್ತದೆ ಮಾನಕ. ಸ್ಟೀಲ್ ಬಾಯ್ಲರಿಗೆ 30 ದಾಟಬಾರದು ಎನ್ನುವ ತಯಾರಕರಿದ್ದಾರೆ.

ಸೇತುವೆಯ ಮೇಲೆಯೇ ತೀರ್ಮಾನ ಆಯಿತು. ಎರಡು ಬಾಯ್ಲರಿನ ಮಶೀನು, ಬಾಯ್ಲರಿನೊಳಗೆ ಕೊಳವೆ ಹಾಯಿಸಿದ ಇ61 ಮಶೀನು, ಎರಡೂ ಲಕ್ಷ ರೂಪಾಯಿ ದಾಟುತ್ತವೆ. ಏಕಕಾಲಕ್ಕೆ ಕಾಫಿ ತೆಗೆದು ಹಾಲಿಗೆ ಹಬೆ ಕೊಡಬಹುದು ಎನ್ನುವುದು ಅವುಗಳ ಹೆಚ್ಚುಗಾರಿಕೆ. ಆದರೆ ಒಳಗೆ ಹರಳು ಕಟ್ಟಿದರೆ ಮನೆಯಲ್ಲಿ ಬಿಚ್ಚುವಂತಿಲ್ಲ, ಬೆಂಗಳೂರಿಗೋ ಪುಣೆಗೋ ಹೊತ್ತುಕೊಂಡು ಹೋಗಬೇಕು. ಈ ಮನೆಯಲ್ಲಿ ಎಸ್ಪ್ರೆಸೊ ಕುಡಿಯುವವನು ಒಬ್ಬ, ವಾರಕ್ಕೊಮ್ಮೆ ಹೆಂಡತಿ ಮಕ್ಕಳಿಗೆ ಹಾಲಿನ ಕಾಫಿ. ಬಂದವರಿಗೆಲ್ಲ ಅವ್ವನ ಚಹಾ ಇದ್ದೇ ಇದೆ. ಅವನಿಗೆ ಸರಿಯಾದದ್ದು ಹಿತ್ತಾಳೆಯ ಒಂದೇ ಬಾಯ್ಲರಿನ, 58 ಮಿಲಿಮೀಟರ್ ಬಾಸ್ಕೆಟ್ಟಿನ, 9 ಬಾರಿಗೆ ವಾಲ್ವ್ ಕೂರಿಸಿದ ಮಶೀನು. 1997ರಿಂದ ಬರುತ್ತಿರುವ ರಾಂಚಿಲಿಯೊ ಸಿಲ್ವಿಯಾ ಜಾತಿಯದು. ಅದಕ್ಕೆ ಬಿಸಿಯನ್ನು ಡಿಗ್ರಿಗೆ ಡಿಗ್ರಿ ಹಿಡಿದಿಡುವ ಪಿಐಡಿ ಹಚ್ಚಿಸಿಕೊಳ್ಳಬೇಕು. ಸ್ಕ್ರೂ ಡ್ರೈವರ್ ಹಿಡಿಯಬಲ್ಲ ಯಾರಾದರೂ ಅದನ್ನು ಬಿಚ್ಚಿ ತೊಳೆಯಬಹುದು. ಪಂಪ್‌ಸೆಟ್ ಬಿಚ್ಚಿ ಜೋಡಿಸುವ ತಿಕೋಟಾದ ರೈತನಿಗೆ ಅದೇನು ಕಷ್ಟ? ಮಶೀನಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಉಳಿಯುವುದೆಲ್ಲ ಒಳ್ಳೆಯ ಗ್ರೈಂಡರಿಗೆ. ನುಣ್ಣಗೆ, ಒಂದೇ ಸಮನಾಗಿ ಬೀಸದ ಪುಡಿಗೆ ಎಂಥ ಮಶೀನೂ ಎಸ್ಪ್ರೆಸೊ ಕೊಡಲಾರದು. ಗೆಳೆಯ ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರ ಇ61 ಬ್ಯಾಡ. ನೀರಿಂದ ಮೊದಲ ಮಾಡೂಣು" ಎಂದ. ಊರು ಮುಟ್ಟುವಷ್ಟರಲ್ಲಿ ಬೈಕಾರ್ಬೊನೇಟಿಗೆ ಆರ್ಡರ್ ಹೋಗಿತ್ತು.

ಬಯಲುಸೀಮೆಯಲ್ಲಿ ಎಸ್ಪ್ರೆಸೊ ಮಶೀನು ಕೊಳ್ಳಬೇಕೆಂದಿರುವ ಎಲ್ಲರಿಗೂ ನನ್ನ ಮಾತು ಇಷ್ಟು: ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ನೀರಿನ ಗಡಸುತನ, ಕ್ಲೋರೈಡು ಎರಡನ್ನೂ ಪರೀಕ್ಷೆ ಮಾಡಿಸಿ. ಟಿಡಿಎಸ್ ಮೀಟರೊಂದೇ ಸಾಲದು, ಅದು ಒಟ್ಟು ಲವಣ ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ವಿಜಯಪುರಕ್ಕೆ ಬಂದಾಗ ಗೋಲಗುಮ್ಮಟ ನೋಡಿ ಬಸ್ ಹತ್ತಬೇಡಿ. ಒಂದು ತಾಸು ಉಳಿಸಿಕೊಂಡು ಗಂಜ್‌ಗಳನ್ನು ಹುಡುಕಿಕೊಂಡು ಹೋಗಿ. ಅವುಗಳ ಗೋಡೆಗೆ ಪೋಸ್ಟರ್ ಅಂಟಿಸುವುದನ್ನು, ಬುಡದಲ್ಲಿ ಕಸ ಸುರಿಯುವುದನ್ನು ಊರಿನವರು ನಿಲ್ಲಿಸಬೇಕು. ಗೋಲಗುಮ್ಮಟಕ್ಕೆ ಸಿಗುವ ಕಾವಲು, ಫಲಕ, ಗೌರವ ಅವಕ್ಕೂ ಸಿಗಬೇಕು.